ದೇವರುಗಳನ್ನ ಕೆಲಸದಿಂದ ತೆಗೆದ ನನ್ನ ತಮ್ಮ

ನನ್ನ ತಮ್ಮನಷ್ಟು ದೇವರುಗಳನ್ನ ಕೆಲಸದಿಂದ ತೆಗೆದೋನು ಚಿಕ್ಕಬಳ್ಳಾಪುರ ತಾಲ್ಲೂಕಲ್ಲೇ ಇನ್ನೊಬ್ಬ ಸಿಗಲ್ಲ! ಜನ ದೇವರ ಹತ್ರ ಕೆಲಸ ಕೇಳ್ಕೊಂಡು ಹೋಗ್ತಾರೆ. ಇವನು ದೇವರನ್ನೇ ಕೆಲಸಕ್ಕಿಟ್ಕೊಂಡು, ನಾಲ್ಕು ದಿನ ನೋಡಿ, ಸರಿಹೋಗಲಿಲ್ಲ ಅಂದ್ರೆ ಮನೆಗೆ ಕಳಿಸ್ತಿದ್ದ.

ಹುಚ್ಚನಲ್ಲ, ಕುಡುಕ. ಕುಡಿತ ಬಿಡಕ್ಕೆ ಹೊರಟ ಕುಡುಕ. ಅದು ಹುಚ್ಚಿಗಿಂತ ಒಂದು ಗೇಣು ಜಾಸ್ತಿ ಅಂತ ನನಗೆ ಆಮೇಲೆ ಗೊತ್ತಾಯ್ತು. ಮಂಡಿಕಲ್ ಹತ್ರದ ನಮ್ಮೂರಲ್ಲಿ ಅವನಿಗೆ ಹಿಪ್ಪುನೇರಳೆ ತೋಟ ಇತ್ತು, ರೇಷ್ಮೆ ಹುಳದ ಮನೆ ಇತ್ತು, ಒಬ್ಬಳು ಹೆಂಡತಿ ಇದ್ದಳು. ತೋಟ, ಹುಳ ಅಲ್ಲೇ ಉಳಿದವು. ಹೆಂಡತಿ ತೊಂಡೇಬಾವಿಯ ತವರಿಗೆ ಹೋಗಿ ಕೂತಳು. ಬುದ್ಧಿ ಇದ್ದೋಳು. ನನ್ನ ಗಂಡ ಸತ್ತ ಮೇಲೆ ನಾನು ತಮ್ಮನ ಮನೆ ಸೇರಿದೋಳು, ಹೋಗಕ್ಕೆ ಬೇರೆ ಜಾಗ ಇರಲಿಲ್ಲ. ಇದ್ದಿದ್ರೆ ನಾನೂ ಹೋಗ್ತಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಕುಡಿತ ಬಿಟ್ಟೋರು ವಾರವಾರ ಕೂತು ಮಾತಾಡೋ ಒಂದು ಸಂಘ ಇದೆ. ಅಲ್ಲಿ ಡಾಕ್ಟ್ರೂ ಇಲ್ಲ, ಸ್ವಾಮಿಗಳೂ ಇಲ್ಲ, ಎಲ್ಲಾ ಕುಡಿದು ಕೆಟ್ಟೋರೇ. ಒಬ್ಬೊಬ್ಬರೇ ಹೆಸರು ಹೇಳಿ "ನಾನು ಕುಡುಕ" ಅನ್ಬೇಕಂತೆ. ಇವನು ಅಲ್ಲಿಗೆ ಹೋಗಿ ಬಂದು ಇದನ್ನ ಹೇಳಿದಾಗ ನನಗೆ ರೇಗಿಹೋಯ್ತು.

"ಇದಕ್ಕೆ ಬಸ್ ಹತ್ಕೊಂಡು ಹೋಗ್ಬೇಕೇನೋ? ನಾನು ಇಲ್ಲೇ ಹೇಳ್ತಿದ್ನಲ್ಲಪ್ಪ, ಪುಗಸಟ್ಟೆ!"

"ನೀನು ಹೇಳೋದು ಬೇರೆ ಕಣಕ್ಕ. ಅಲ್ಲಿ ನಾನೇ ಹೇಳ್ಕೋಬೇಕು."

ಸಂಘದೋರು ಇನ್ನೊಂದು ಮಾತೂ ಹೇಳಿ ಕಳಿಸಿದ್ರು. "ನಿನ್ನ ಒಬ್ಬನ ಕೈಲಿ ಇದು ಆಗಲ್ಲ. ನಿನಗಿಂತ ದೊಡ್ಡದು ಯಾವುದಾದ್ರೂ ಒಂದಕ್ಕೆ ನಿನ್ನನ್ನ ಒಪ್ಪಿಸ್ಕೋ. ಯಾವ ದೇವರು ಅಂತ ನಾವು ಹೇಳಲ್ಲ, ನೀನೇ ಹುಡುಕ್ಕೋ." ಇಂಥಾ ಮಾತನ್ನ ನನ್ನ ತಮ್ಮನಿಗೆ ಹೇಳಬಹುದಾ? ಸಂತೆಯಲ್ಲಿ ಬದನೆಕಾಯಿ ಆರಿಸಕ್ಕೆ ಅರ್ಧ ದಿನ ಮಾಡೋ ಆಸಾಮಿ!

ಮೊದಲು ಆಂಜನೇಯ. ಶನಿವಾರ ಶನಿವಾರ ತಲೆಗೆ ಸ್ನಾನ ಮಾಡಿ ಹೋಗಿ ಬಂದ. ಆಮೇಲೆ ಒಂದಿನ ನಿಲ್ಲಿಸಿಬಿಟ್ಟ.

"ಯಾಕೋ?"

"ಬ್ರಹ್ಮಚಾರಿ ಕಣಕ್ಕ. ಹೆಂಡತಿ ಬಿಟ್ಟು ಹೋದೋನ ಕಷ್ಟ ಆಯಪ್ಪನಿಗೇನು ಗೊತ್ತಾಗುತ್ತೆ?"

ಆಮೇಲೆ ಬೆಟ್ಟ. ಸ್ಕಂದಗಿರಿ ಯಾರಿಗೂ ಅಲ್ಲಾಡಲ್ಲ, ಅದಕ್ಕೇ ಒಪ್ಪಿಸ್ಕೊಳ್ತೀನಿ ಅಂತ ಕಳವಾರದ ಕಡೆಯಿಂದ ಹತ್ತಿದ. ಮೊಣಕಾಲು ಹಿಡ್ಕೊಂಡು ವಾಪಸ್ ಬಂದ. "ಮೇಲೆಲ್ಲ ಬೆಂಗಳೂರಿನೋರು ಕುಡಿದು ಬಿಸಾಕಿರೋ ಬಾಟ್ಲಿ! ತಲೆ ಮೇಲೆ ಬಾಟ್ಲಿ ಹೊತ್ಕೊಂಡು ಕೂತಿರೋ ದೇವರು ನನಗೆ ಬಿಡಿಸ್ತಾನೇನಕ್ಕ?"

ಮೂರನೇದು ಯಾವುದು ಅಂದ್ಕೊಂಡ್ರಿ? ನಮ್ಮ ಮನೆ ಮುಂದಿನ ಕರೆಂಟಿನ ಟ್ರಾನ್ಸ್‌ಫಾರ್ಮರ್! "ಬೈದ್ರೂ ಕೇಳಲ್ಲ, ಬೇಡ್ಕೊಂಡ್ರೂ ಕೇಳಲ್ಲ. ಅದು ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ. ಇದಕ್ಕಿಂತ ದೊಡ್ಡ ಶಕ್ತಿ ಯಾವುದೈತೆ ಹೇಳು!" ಬೆಳಗ್ಗೆ ಎದ್ದು ಅದಕ್ಕೆ ಕೈ ಮುಗಿಯೋನು. ನೋಡಿ ನೋಡಿ ಪಕ್ಕದ ಮನೆಯೋಳು ಕಂಬಕ್ಕೆ ಕುಂಕುಮ ಹಚ್ಚಿದಳು, ಇನ್ಯಾರೋ ಸೇವಂತಿಗೆ ಹಾರ ಹಾಕಿದ್ರು. ಲೈನ್‌ಮ್ಯಾನ್ ಬಂದು ನನಗೆ ಬೈದ. "ಏನಜ್ಜಿ, ಸುಟ್ಟು ಕರಕಲಾಗ್ಬೇಕಂತಿದ್ದೀರಾ?" ಬೇಸಿಗೆಯಲ್ಲಿ ಅದು ಢಮ್ಮಂತ ತಾನೇ ಸುಟ್ಟುಹೋಯ್ತು. ಆ ದೇವರ ಕೆಲಸವೂ ಹೋಯ್ತು.

"ಈಗ ಯಾರಪ್ಪಾ?" ಅಂದೆ.

"ಈಗ ಸಂಘದೋರೇ."

"ನಾಲ್ಕು ಕುಡುಕರು ಸೇರಿದ್ರೆ ಒಂದು ದೇವರೇನೋ?" ನಾನು ಹೊಟ್ಟೆ ಹಿಡ್ಕೊಂಡು ನಕ್ಕೆ.

"ನಗಕ್ಕ, ನಗು. ಕುಡೀಬೇಕು ಅನ್ನಿಸಿದಾಗ ಆಂಜನೇಯ ಫೋನ್ ಎತ್ತುತಿರಲಿಲ್ಲ. ಇವರು ಎತ್ತುತಾರೆ."



ಅಷ್ಟರಲ್ಲಿ ಹಿರಿಯರ ಹಬ್ಬ ಬಂತು. ನಮ್ಮ ಕಡೆ ಸತ್ತೋರಿಗೆ ಏನಿಷ್ಟವೋ ಅದನ್ನ ಎಡೆ ಇಡಬೇಕು. ನಮ್ಮಪ್ಪನಿಗೆ ಇಷ್ಟ ಇದ್ದಿದ್ದು ಬ್ರಾಂದಿ, ಬೀಡಿ, ಕೋಳಿ ಸಾರು, ಇದೇ ಕ್ರಮದಲ್ಲಿ. ಬ್ರಾಂದಿಯಿಂದಲೇ ಸತ್ತಿದ್ದೂ. ಎಡೆ ಇಟ್ಟು, ಬಾಗಿಲು ಮುಚ್ಚಿ, ಎಲ್ಲರೂ ಆಚೆ ಬರಬೇಕು, ಹಿರಿಯರು ಬಂದು ಉಣ್ತಾರೆ. ಆಮೇಲೆ ಆ ಬ್ರಾಂದಿ ಮಗನಿಗೆ ಪ್ರಸಾದ. ಅಪ್ಪನ ಪ್ರಸಾದ ಬೇಡ ಅನ್ನಕ್ಕಾಯ್ತದಾ? ನನ್ನ ತಮ್ಮ ಎಷ್ಟು ಸಲ ಕುಡಿತ ಬಿಟ್ಟನೋ, ಅಷ್ಟು ಸಲವೂ ಮತ್ತೆ ಹಿಡಿದಿದ್ದು ಇದೇ ಹಬ್ಬದಲ್ಲಿ.

ಅವನ ಹೆಂಡತಿ ಬಂದಳು. "ಸೊಸೆ ಮಾಡೋ ಅಡಿಗೆ ಮಾಡಕ್ಕೆ ಬಂದಿದೀನಿ ಅಕ್ಕ, ಇರಕ್ಕಲ್ಲ. ಇವತ್ತು ನಿಮ್ಮ ತಮ್ಮ ಬಾಯಿಗೆ ಹಾಕಿದ್ರೆ ಸಾಯಂಕಾಲದ ಬಸ್ಸಿಗೆ ಹೋಗ್ತೀನಿ. ಇನ್ನು ಈ ಹೊಸಲು ತುಳಿಯಲ್ಲ."

ತಮ್ಮ ಬ್ರಾಂದಿ ತರಲ್ಲ ಅಂದ. ನಮ್ಮ ಚಿಕ್ಕಪ್ಪ ಬಿಡಬೇಕಲ್ಲ! "ಹಿರಿಯರು ಬಾಯಾರಿ ಹೋದ್ರೆ ಮನೆಗೆ ಕೇಡು" ಅಂತ ತಾನೇ ಒಂದು ಬಾಟ್ಲಿ ತಂದು ಅಪ್ಪನ ಫೋಟೋ ಮುಂದೆ ಇಟ್ಟ. ತಮ್ಮ ಅದನ್ನ ನೋಡಿದ, ಆಚೆ ಹೋಗಿ ಸಂಘದೋರಿಗೆ ಫೋನ್ ಮಾಡಿದ.

ದೇವರು ಮೂರು ಜನ ಒಂದು ಹಳೇ ಕಾರಲ್ಲಿ ಬಂದಿಳಿದ್ರು! ಒಬ್ಬರು ರಿಟೈರ್ ಆದ ಮೇಷ್ಟ್ರು, ಒಬ್ಬರು ಗೌರಿಬಿದನೂರಿನ ಬಸ್ ಡ್ರೈವರ್ರು, ಇನ್ನೊಬ್ಬರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚೋ ಸಾಬರು. ನನಗೆ ನಮಸ್ಕಾರ ಹಾಕಿ, ತಮ್ಮನ ಹೆಗಲು ಹಿಡ್ಕೊಂಡು ಸೀದಾ ಎಡೆ ಇಟ್ಟಿದ್ದ ಕೋಣೆಗೆ ಹೋದ್ರು. ಒಳಗಿಂದ ಚಿಲಕ!

"ನಾಲ್ಕು ಕುಡುಕರು, ಒಂದು ಬಾಟ್ಲಿ!" ಚಿಕ್ಕಪ್ಪ ಕೇಕೆ ಹಾಕಿದ. "ಎಡೆ ಯಾರಿಗೆ ಸೇರುತ್ತೆ ಅಂತ ಇನ್ನು ಕೇಳ್ಬೇಕಾ?"

ತಮ್ಮನ ಹೆಂಡತಿ ಸೌಟು ಕೆಳಗಿಟ್ಟು, ಬ್ಯಾಗಿಗೆ ಸೀರೆ ತುಂಬಕ್ಕೆ ಶುರು ಮಾಡಿದಳು.

ನಾನು ಹಿಂದಿನ ಕಿಟಕಿಗೆ ಹೋಗಿ ಇಣುಕಿದೆ. ಬಾಟ್ಲಿ ಇಟ್ಟಲ್ಲೇ ಇತ್ತು, ಮುಚ್ಚಳ ಬಿಚ್ಚಿರಲಿಲ್ಲ. ಅಪ್ಪನ ಫೋಟೋನ ಒಂದು ಕುರ್ಚಿ ಮೇಲೆ ಕೂರಿಸಿ, ಸುತ್ತಲೂ ನಾಲ್ಕೂ ಜನ ನೆಲದ ಮೇಲೆ ಕೂತಿದ್ರು. ತಮ್ಮ ಕೈ ಮುಗಿದಿದ್ದ.

"ಅಪ್ಪಾ, ಇದು ನಮ್ಮ ಸಂಘ. ನಿನ್ನ ಕಾಲಕ್ಕೆ ಇರಲಿಲ್ಲ. ಇದ್ದಿದ್ರೆ ನೀನೂ ಇರ್ತಿದ್ದೆ. ಇಲ್ಲಿ ಒಬ್ಬರು ಹೇಳೋವಾಗ ಯಾರೂ ಬಾಯಿ ಹಾಕಲ್ಲ, ಬಯ್ಯಲ್ಲ, ಬುದ್ಧಿ ಹೇಳಲ್ಲ. ಇವತ್ತು ಮೊದಲು ನೀನು ಹೇಳು."

ಹೇಳಿ ಸುಮ್ಮನಾದ. ಮೇಷ್ಟ್ರು ತಲೆ ತಗ್ಗಿಸಿದ್ರು. ಸಾಬರು ಎರಡೂ ಕೈ ತೊಡೆ ಮೇಲಿಟ್ಕೊಂಡು ಫೋಟೋನೇ ನೋಡ್ತಿದ್ರು. ಡ್ರೈವರ್ರು ಆಗಾಗ ಹೂಂ ಹೂಂ ಅಂತ ತಲೆ ಆಡಿಸ್ತಿದ್ರು. ನಮ್ಮಪ್ಪ ಬದುಕಿದ್ದಾಗ ಅವನಿಗೆ ಅಷ್ಟು ಹೊತ್ತು ಕಿವಿ ಕೊಟ್ಟೋರನ್ನ ನಾನು ಕಂಡಿರಲಿಲ್ಲ.

ಆ ಕಡೆ ಚಿಕ್ಕಪ್ಪ ಬಾಗಿಲು ಬಡಿಯಕ್ಕೆ ಹತ್ತಿದ. ತಮ್ಮನ ಹೆಂಡತಿ ಬ್ಯಾಗ್ ಹಿಡ್ಕೊಂಡೇ ಓಡಿ ಬಂದು ನನ್ನ ತೋಳು ಜಗ್ಗಿದಳು.

"ಒಳಗೆ ಏನ್ ನಡೀತಾ ಐತೆ ಅಕ್ಕ?"

"ಆ ಮುದುಕನ್ನ ಸುಮ್ಕಿರಿಸು ಹೋಗೇ" ಅಂದೆ. "ನಿಮ್ಮ ಮಾವ ಮಾತಾಡ್ತಾವ್ರೆ."