ಗರ್ಭಿಣಿಯನ್ನು ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಕೊಡುವುದನ್ನು ನಿಷೇಧಿಸುವ ಬಗ್ಗೆ

(ಇಲಾಖೆಯ ಹೆಸರನ್ನು ಇಲಾಖೆಯ ಕೋರಿಕೆಯ ಮೇರೆಗೆ ಬಿಡಲಾಗಿದೆ)
ದಕ್ಷಿಣ ವಲಯ ಕಚೇರಿ, ಮೂರನೇ ಮಹಡಿ (ಲಿಫ್ಟ್ ಎರಡರವರೆಗೆ ಮಾತ್ರ), ಜಯನಗರ, ಬೆಂಗಳೂರು

ಸಂಖ್ಯೆ: ತಾ.ಗ.ರ/ದಕ್ಷಿಣ/ಕೋಸಂಬರಿ/ಇತರೆ

ಸುತ್ತೋಲೆ

ವಿಷಯ: ಗರ್ಭಾವಸ್ಥೆಯಲ್ಲಿ ಮದ್ಯ ಸೇವನೆಯಿಂದ ಮಕ್ಕಳಿಗೆ ಆಗುವ ತೊಂದರೆಗಳನ್ನು ತಡೆಯುವ ಶಿಬಿರಗಳಲ್ಲಿ ಅತ್ತೆಯಂದಿರನ್ನು ಸಕಲ ಗೌರವಗಳೊಂದಿಗೆ ಪಕ್ಕದ ಕೋಣೆಗೆ ಸಾಗಿಸುವ ಕುರಿತು.

ಉಲ್ಲೇಖ:
(1) ಇದೇ ವಿಷಯದ ಹಿಂದಿನ ಸುತ್ತೋಲೆ. ಅದರಲ್ಲಿ ಅತ್ತೆಯಂದಿರ ಪ್ರಸ್ತಾಪವೇ ಬಿಟ್ಟುಹೋಗಿದ್ದು, ಅನರ್ಥಕ್ಕೆಲ್ಲ ಅದೇ ಮೂಲ.
(2) ಶುಶ್ರೂಷಕಿ ಶ್ರೀಮತಿ ಶರಣಮ್ಮನವರು ತಲೆಯ ಮೇಲೆ ಕೈಹೊತ್ತು ಕುಳಿತು ಸಲ್ಲಿಸಿದ ಮೌಖಿಕ ವರದಿ.
(3) ಜೆ.ಪಿ. ನಗರದ ಶ್ರೀಮತಿ ಅಮ್ಮಣ್ಣಿಯವರು ಖುದ್ದು ಕಚೇರಿಗೆ ಬಂದು, ಮೊದಲು ಲಿಫ್ಟಿನ ಬಗ್ಗೆ ದೂರಿ, ಸುಧಾರಿಸಿಕೊಂಡು, ನಂತರ ನೀಡಿದ ಹೇಳಿಕೆ.

ಪ್ರಸ್ತಾವನೆ:

ಗರ್ಭಿಣಿ ಕುಡಿದ ಮದ್ಯ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಮಗುವಿನ ಮಿದುಳಿಗೆ, ಬೆಳವಣಿಗೆಗೆ, ಮುಂದೆ ಅದರ ಕಲಿಕೆಗೆ ಬೀಳುವ ಪೆಟ್ಟು ಜೀವಮಾನವಿಡೀ ಉಳಿಯಬಹುದು. ಇಷ್ಟು ಕುಡಿದರೆ ಅಡ್ಡಿಯಿಲ್ಲ ಎಂಬ ಅಳತೆ ಇಲಾಖೆಯ ಬಳಿ ಇಲ್ಲ, ವೈದ್ಯರ ಬಳಿಯೂ ಇಲ್ಲ. ಆದ್ದರಿಂದ ಶಿಬಿರಕ್ಕೆ ಬರುವ ಪ್ರತಿಯೊಬ್ಬ ಗರ್ಭಿಣಿಯನ್ನೂ ಮದ್ಯದ ಬಗ್ಗೆ ಮೆಲ್ಲಗೆ ಕೇಳತಕ್ಕದ್ದೆಂದು ಉಲ್ಲೇಖ (1)ರಲ್ಲಿ ಸೂಚಿಸಲಾಗಿತ್ತು. ಹೇಗೆ ಕೇಳಬೇಕೆಂದು ಸೂಚಿಸಲಾಗಿತ್ತೇ ಹೊರತು ಯಾರು ಉತ್ತರಿಸಬೇಕೆಂದು ಸೂಚಿಸಿರಲಿಲ್ಲ. ಇಲಾಖೆ ಎಡವಿದ್ದು ಅಲ್ಲೇ.

ಜೆ.ಪಿ. ನಗರದ ಶಿಬಿರಕ್ಕೆ ಶ್ರೀಮತಿ ಸುರಭಿ ಎಂಬ ಗರ್ಭಿಣಿಯು ತಮ್ಮ ಅತ್ತೆ ಅಮ್ಮಣ್ಣಿಯವರನ್ನು ಕರೆದುಕೊಂಡು, ಅಥವಾ ಕಂಡವರ ಪ್ರಕಾರ ಅಮ್ಮಣ್ಣಿಯವರು ಸುರಭಿಯನ್ನು ಕರೆದುಕೊಂಡು, ಹಾಜರಾದರು. ಅಮ್ಮಣ್ಣಿಯವರು ಕೆಟ್ಟವರಲ್ಲವೆಂದು ಇಲ್ಲೇ ದಾಖಲಿಸಲಾಗಿದೆ. ಸೊಸೆ ಬಸುರಿ ಎಂದು ತಿಳಿದ ದಿನದಿಂದ ಬಿಸಿಲು ಬಂದರೆ ಬಿಸಿಲನ್ನು, ಗಾಳಿ ಬಂದರೆ ಗಾಳಿಯನ್ನು ಬೈದುಕೊಂಡು ಓಡಾಡಿದ ಜೀವ ಅದು. ಪ್ರೀತಿ ಹೆಚ್ಚಾಗಿ ಬಾಯಿಗೆ ಬಿಡುವು ಕಡಿಮೆಯಾಗಿತ್ತು, ಅಷ್ಟೇ.

ಹಸಿವು ಹೇಗಿದೆ ಎಂದು ಶರಣಮ್ಮನವರು ಸುರಭಿಯನ್ನು ಕೇಳಿದಾಗ ಅಮ್ಮಣ್ಣಿಯವರು, "ಎಲ್ಲಿ ತಿಂತಾಳೆ, ಕೋಳಿ ಕೆದಕಿದ ಹಾಗೆ ಕೆದಕ್ತಾಳೆ" ಎಂದರು. ನಿದ್ದೆಯ ಪ್ರಶ್ನೆಗೆ, "ಫೋನ್ ಕೆಳಗಿಟ್ರೆ ತಾನೇ ನಿದ್ದೆ" ಎಂದರು. ಮದ್ಯದ ಪ್ರಶ್ನೆಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು, "ನೋಡಮ್ಮ, ನಮ್ಮನೇಲಿ ಆ ಮಾತಾಡಿದ್ರೂ ಬಾಯಿ ತೊಳ್ಕೋತೀವಿ. ಮುಂದಿಂದು ಕೇಳು" ಎಂದರು. ಸುರಭಿ ತೆರೆದ ಬಾಯನ್ನು ಮುಚ್ಚಿಕೊಂಡರು.

ಸುರಭಿಯವರಿಗೆ ಕೇಳಬೇಕಾದದ್ದೊಂದು ಇತ್ತು. ಬಸುರಿ ಎಂದು ಗೊತ್ತಾಗುವ ಮುಂಚೆ ಗೆಳತಿಯೊಬ್ಬಳ ಪಾರ್ಟಿಯಲ್ಲಿ ಎರಡು ಗ್ಲಾಸು ವೈನ್ ಕುಡಿದಿದ್ದರು. ಗೊತ್ತಾದ ಮೇಲೆ ಒಂದು ತೊಟ್ಟೂ ಮುಟ್ಟಿರಲಿಲ್ಲ. ಆದರೆ ಆ ಎರಡು ಗ್ಲಾಸಿನಿಂದ ಮಗುವಿಗೆ ಏನಾದರೂ ಆಯಿತೋ ಏನೋ ಎಂಬ ಭಯ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. (ಇದನ್ನು ಪ್ರಕಟಿಸಲು ಸುರಭಿಯವರು ಒಪ್ಪಿಗೆ ಕೊಟ್ಟಿದ್ದಾರೆ. ಅಮ್ಮಣ್ಣಿಯವರೂ ಒಪ್ಪಿಗೆ ಕೊಟ್ಟಿದ್ದಾರೆ, ಅವರನ್ನು ಕೇಳಿರಲಿಲ್ಲ.)

ಈ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿಗೆ, ಸಾರ್ವಜನಿಕರಿಗೆ ಮತ್ತು ವಿಶೇಷವಾಗಿ ಗಂಡಿನ ಕಡೆಯವರಿಗೆ ಈ ಕೆಳಕಂಡಂತೆ ಕಟ್ಟಪ್ಪಣೆ ಮಾಡಲಾಗಿದೆ:

1. ಗರ್ಭಿಣಿಯನ್ನು ಕೇಳಿದ ಪ್ರಶ್ನೆಗೆ ಗರ್ಭಿಣಿಯೇ ಉತ್ತರಿಸತಕ್ಕದ್ದು. ಅತ್ತೆ, ಮಾವ, ತಾಯಿ, ಗಂಡ, ಎದುರು ಮನೆ ಆಂಟಿ ಹಾಗೂ ಬಿಡಲು ಬಂದು ಫ್ಯಾನಿನ ಕೆಳಗೆ ಕುಳಿತ ಆಟೋ ಚಾಲಕರು ಗರ್ಭಿಣಿ ಎಂಬ ಪದದ ವ್ಯಾಪ್ತಿಗೆ ಬರುವುದಿಲ್ಲ.

2. ಕೆಮ್ಮುವುದು, ಹುಬ್ಬೇರಿಸುವುದು, ಬಳೆ ಸದ್ದು ಮಾಡುವುದು ಮತ್ತು "ಹೇಳು, ಹೇಳು, ನಾನೇನೂ ಅನ್ನಲ್ಲ" ಎನ್ನುವುದನ್ನು ಉತ್ತರವೆಂದೇ ಪರಿಗಣಿಸಲಾಗುವುದು.

3. ಯಾವುದೇ ಕಾರಣಕ್ಕೂ ಅತ್ತೆಯವರಿಗೆ "ಸ್ವಲ್ಪ ಹೊರಗಡೆ ಇರಿ" ಎನ್ನಬಾರದು. ಎರಡನೇ ಭೇಟಿಯಲ್ಲಿ ಶರಣಮ್ಮನವರು ಹಾಗಂದದ್ದೇ ತಡ, "ಯಾಕಮ್ಮ, ನಾನೇನು ಹೊರಗಿನವಳಾ?" ಎಂದು ಅಮ್ಮಣ್ಣಿಯವರು ಕುರ್ಚಿಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡರು. ಹೋಗೆಂದರೆ ಹೋಗದ ಅತ್ತೆ, ನೆರವು ಬೇಕೆಂದರೆ ಅರೆಕೆರೆವರೆಗೂ ನಡೆದು ಹೋಗುತ್ತಾರೆಂಬುದು ಇಲಾಖೆಯ ಅನುಭವ. ಆದ್ದರಿಂದ ನೆರವು ಕೋರತಕ್ಕದ್ದು.

4. ಮೂರನೇ ಭೇಟಿ ಶಿಬಿರದ ಸಾಮೂಹಿಕ ಸೀಮಂತದ ದಿನ. ಹಸಿರು ಬಳೆ, ಮಲ್ಲಿಗೆ, ಹಣ್ಣಿನ ತಟ್ಟೆ ಎಲ್ಲ ಸಜ್ಜಾಗಿತ್ತು. ಶರಣಮ್ಮನವರು ಅಮ್ಮಣ್ಣಿಯವರ ಕಿವಿಯ ಬಳಿ ಬಗ್ಗಿ, "ಅಮ್ಮಾ, ಕೋಸಂಬರಿಗೆ ಉಪ್ಪು ಹೆಚ್ಚೋ ಕಮ್ಮಿನೋ ಒಬ್ರಿಗೂ ಗೊತ್ತಾಗ್ತಿಲ್ಲ. ನೀವೊಂದ್ಸಲ ನೋಡಿದ್ರೆ" ಎಂದರು. ವಾಕ್ಯ ಮುಗಿಯುವ ಮುಂಚೆ ಕುರ್ಚಿ ಖಾಲಿಯಾಗಿತ್ತು. ಆದ ಕಾರಣ:

(ಅ) ಇನ್ನು ಮುಂದೆ ಪ್ರತಿ ಶಿಬಿರದಲ್ಲೂ ಪಕ್ಕದ ಕೋಣೆಯಲ್ಲಿ ಹೆಸರುಬೇಳೆ ಕೋಸಂಬರಿ ಇರತಕ್ಕದ್ದು, ಅದಕ್ಕೆ ಉಪ್ಪನ್ನು ಬುದ್ಧಿಪೂರ್ವಕವಾಗಿ ಕಡಿಮೆ ಹಾಕತಕ್ಕದ್ದು.

(ಆ) ಹಟಮಾರಿ ಅತ್ತೆಯಂದಿರಿಗೆ ಸೌತೆಕಾಯಿಯನ್ನು ಹೆಚ್ಚದೆ ಇಡಿಯಾಗಿ ಉಳಿಸತಕ್ಕದ್ದು. ತೀರಾ ಕಠಿಣ ಪ್ರಕರಣಗಳಲ್ಲಿ ತೆಂಗಿನಕಾಯಿಯನ್ನೂ ಒಡೆಯದೆ ಇಡಬಹುದು.

(ಇ) ಮಾವಂದಿರಿಗೆ ಕೋಸಂಬರಿ ನಾಟುವುದಿಲ್ಲ. ಅವರನ್ನು ಕುಮಾರಸ್ವಾಮಿ ಲೇಔಟಿಗೆ ಹೋಗುವ ದಾರಿ ಕೇಳತಕ್ಕದ್ದು. ಅಮ್ಮಣ್ಣಿಯವರ ಪತಿ ಗುಂಡಣ್ಣನವರನ್ನು ಹಾಗೆ ಕೇಳಲಾಗಿದ್ದು, ಅವರು ಈ ಸುತ್ತೋಲೆ ಹೊರಡುವ ಹೊತ್ತಿಗೂ ಬನಶಂಕರಿ ಬಸ್ ನಿಲ್ದಾಣದ ಬಳಿಯೇ ಇದ್ದಾರೆ, ಮಾತಿನಲ್ಲಿ.

5. ಗರ್ಭಿಣಿಗೆ ಏಕಾಂತದಲ್ಲಿ ಒಂದು ಲೋಟ ಬಿಸಿ ಕಾಫಿ ಆರುವಷ್ಟು ಹೊತ್ತು ನೀಡತಕ್ಕದ್ದು. ಕಾಫಿಯನ್ನು ಸಿಬ್ಬಂದಿ ಊದಿ ಆರಿಸಬಾರದು.

6. ಒಳಗೆ ಕುಳಿತವರು ಬೈಯಬಾರದು, ನಿಟ್ಟುಸಿರು ಬಿಡಬಾರದು, ಪೆನ್ನಿನ ಮುಚ್ಚಳ ಕಚ್ಚಬಾರದು. "ಮಾಡಿದ್ದುಣ್ಣೋ ಮಹಾರಾಯ" ಎಂಬ ಗಾದೆಯನ್ನು ಶಿಬಿರದ ಆವರಣದಲ್ಲಿ ಇಂದಿನಿಂದ ಜಾರಿಗೆ ಬರುವಂತೆ ನಿಷೇಧಿಸಲಾಗಿದೆ. ಕುಡಿತ ಬಿಡಲು ಕಷ್ಟವಾಗುತ್ತಿದೆ ಎಂದು ಯಾರಾದರೂ ಹೇಳಿದರೆ, ಹೇಳಿದ್ದೇ ದೊಡ್ಡದೆಂದು ತಿಳಿದು ಅದೇ ದಿನ ಚಿಕಿತ್ಸೆಗೆ ಜೊತೆಯಲ್ಲಿ ಕರೆದೊಯ್ಯತಕ್ಕದ್ದು. ಮನೆಯವರು ಬಾಟಲಿ ಬಚ್ಚಿಟ್ಟು ತಾವೇ ವೈದ್ಯರಾಗಬಾರದು.

ಅಂದು ಅತ್ತೆಯ ಕುರ್ಚಿ ಖಾಲಿಯಾದ ಮೇಲೆ ಸುರಭಿಯವರ ಮಾತನ್ನು ಪೂರ್ತಿ ಕೇಳಿಸಿಕೊಂಡ ಶಿಬಿರದ ವೈದ್ಯೆ ಡಾ. ವಿಮಲಾ, "ಆಗಿದ್ದು ಗೊತ್ತಿಲ್ದೆ ಆಗಿದ್ದು. ಗೊತ್ತಾದ ತಕ್ಷಣ ನಿಲ್ಲಿಸಿದೀಯಲ್ಲ, ಅದೇ ಮಗುಗೆ ನೀನು ಮಾಡಿದ ಒಳ್ಳೇದು. ಏನೂ ಆಗಲ್ಲ ಅಂತ ಬರೆದು ಕೊಡೋಕಾಗಲ್ಲ, ಆದ್ರೆ ಹೆದರ್ಕೊಂಡು ಕೂರೋ ಅಂಥದ್ದು ನನಗೇನೂ ಕಾಣಿಸ್ತಿಲ್ಲ. ಚೆಕಪ್ ತಪ್ಪಿಸ್ಬೇಡ. ಮಗು ಬಂದ ಮೇಲೂ ನಾವು ನೋಡ್ಕೋತೀವಿ" ಎಂದರು. ಸುರಭಿ ಅತ್ತರು. ಅಳಲು ಪೂರ್ವಾನುಮತಿ ಬೇಕಿಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

7. "ಬರೀ ಬಿಯರ್ ತಾನೇ, ಅದು ಲೆಕ್ಕಕ್ಕಿಲ್ಲ ಗುರು" ಎಂಬುದು ಬಿ.ಟಿ.ಎಂ. ಲೇಔಟಿನ ಗಂಡಂದಿರಲ್ಲಿ ವ್ಯಾಪಕವಾಗಿ ಕಂಡುಬಂದ ಅಭಿಪ್ರಾಯ. ಬಿಯರ್ ಲೆಕ್ಕಕ್ಕಿದೆ. ಗಂಡಂದಿರು ಹೆಂಡತಿಗೆ ಒತ್ತಾಸೆಯಾಗಿ ಒಂಬತ್ತು ತಿಂಗಳೂ ತಾವೂ ಕುಡಿಯದಿರಬಹುದು. ಇದು ಆದೇಶವಲ್ಲ, ಆದರೆ ಇಲಾಖೆ ನೋಡುತ್ತಿರುತ್ತದೆ.

8. ಈಗಾಗಲೇ ಹುಟ್ಟಿ, ಈ ತೊಂದರೆಯಿಂದ ಓದಿನಲ್ಲಿ, ಮಾತಿನಲ್ಲಿ, ಒಂದೆಡೆ ಕೂರುವುದರಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಯಾರೂ "ದಡ್ಡ" ಎನ್ನಬಾರದು. ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ, ಆದರೆ ಬೇಗ ಗುರುತಿಸಿ, ಮಾತಿನ ತರಬೇತಿ, ಕಲಿಕೆಯ ನೆರವು, ತಾಳ್ಮೆ ಕೊಟ್ಟರೆ ಅವರೂ ಚೆನ್ನಾಗಿ ಬೆಳೆಯುತ್ತಾರೆ. ಅವರ ತಾಯಂದಿರ ಕಡೆ ಬೆರಳು ತೋರಿಸುವವರು ಆ ಬೆರಳಿನಿಂದ ಸೌತೆಕಾಯಿ ಹೆಚ್ಚತಕ್ಕದ್ದು. ಈ ಅಂಶದಲ್ಲಿ ಇಲಾಖೆ ತಮಾಷೆ ಮಾಡುತ್ತಿಲ್ಲ.

9. (ರದ್ದುಪಡಿಸಲಾಗಿದೆ. ಇದು ಅತ್ತೆಯಂದಿರಿಗೆ ಹಣೆಪಟ್ಟಿ ಕಟ್ಟುವ ಕುರಿತಾಗಿತ್ತು. ಕರಡನ್ನು ಅಧಿಕಾರಿಯೊಬ್ಬರ ಅತ್ತೆ ಓದಿದರು.)

10. ಕೋಸಂಬರಿ ಕೋಣೆಯ ಮೇಜಿನ ಮೇಲೆ 'ಬಸುರಿಯರಿಗೆ ಬೇಡ' ಎಂಬ ಫಲಕ ಹಾಕಿ, ಮದ್ಯದ ಖಾಲಿ ಬಾಟಲಿಗಳನ್ನು ಸಾಲಾಗಿ ಇಡತಕ್ಕದ್ದು. ಬಾಟಲಿಗಳನ್ನು ಖಾಲಿಯಾಗಿಯೇ ಸಂಗ್ರಹಿಸತಕ್ಕದ್ದು. ಸಿಬ್ಬಂದಿಯೇ ಖಾಲಿ ಮಾಡಿ ತಂದ ಪ್ರಕರಣವನ್ನು ಪ್ರತ್ಯೇಕವಾಗಿ ವಿಚಾರಿಸಲಾಗುವುದು.

ಸದರಿ ದಿನ ಅಮ್ಮಣ್ಣಿಯವರು ಉಪ್ಪು ಸರಿಮಾಡಿ, ನಿಂಬೆಹಣ್ಣು ಹಿಂಡಿ, ಸೌತೆಕಾಯಿ ಹೆಚ್ಚುತ್ತ ತಲೆಯೆತ್ತಿದಾಗ ಬ್ರಾಂದಿಗೂ ವೈನಿಗೂ ನಡುವೆ ಒಂದು ಪರಿಚಿತ ಬಾಟಲಿ ನಿಂತಿತ್ತು. ಅದು ಆಯುರ್ವೇದದ ಅರಿಷ್ಟ. ಸೊಸೆಗೆ ಶಕ್ತಿ ಬರಲೆಂದು ಎರಡು ತಿಂಗಳಿಂದ ಬೆಳಿಗ್ಗೆ, ಸಂಜೆ ಬೆಳ್ಳಿ ಲೋಟದಲ್ಲಿ ಸುರಿದು ಅವಳ ಕೈಗಿಟ್ಟು, ತಾವು ದೇವರ ಮನೆಗೆ ಹೋಗುತ್ತಿದ್ದದ್ದು ಅದೇ ಅರಿಷ್ಟ.

"ಏನಮ್ಮ ಇದು, ಔಷಧೀನ ತಂದು ಹೆಂಡದ ಪಕ್ಕ ಇಟ್ಟಿದೀರಿ. ತೆಗೀರಿ ಮೊದ್ಲು" ಎಂದರು.

"ಅಮ್ಮಾ, ಅದನ್ನ ಹುಳಿ ಬರಿಸಿ ಮಾಡೋದು, ಅದರೊಳಗೇ ಮದ್ಯ ಹುಟ್ಕೊಳುತ್ತೆ" ಎಂದರು ಶರಣಮ್ಮ. "ಬೇರೆಯವರಿಗೆ ವೈದ್ಯರು ನೋಡಿ ಕೊಡ್ಲಿ. ಬಸುರಿಯರಿಗೆ ನಾವ್ನಾವೇ ಕೊಡಬಾರದು."

ಅಮ್ಮಣ್ಣಿಯವರ ಕೈಯಲ್ಲಿ ಚಾಕು ಹಾಗೇ ನಿಂತಿತು. ಆ ಮಾತು ಆಡಿದರೂ ಬಾಯಿ ತೊಳೆದುಕೊಳ್ಳುವ ಮನೆಯಲ್ಲಿ, ಅದನ್ನು ಬೆಳ್ಳಿ ಲೋಟದಲ್ಲಿ ಬಡಿಸಿದ್ದು ತಾವೇ ಎಂಬುದು ಅವರಿಗೆ ನಿಧಾನವಾಗಿ ಅರ್ಥವಾಯಿತು. ಮೊಮ್ಮಗುವಿಗೆ ಕೈಯಾರೆ ಕೆಡುಕು ಮಾಡಿದೆನೇ ಎಂದು ಚಾಕು ಕೆಳಗಿಟ್ಟರು. ಜೆ.ಪಿ. ನಗರದಲ್ಲಿ ಅಮ್ಮಣ್ಣಿಯವರು ಮಾತಿಲ್ಲದೆ ನಿಂತದ್ದನ್ನು ಕಂಡ ಮೊದಲಿಗರು ಇಲಾಖೆಯ ಸಿಬ್ಬಂದಿ.

11. ಏಕಾಂತದ ಕಾಫಿ ಹೊತ್ತನ್ನು ಇನ್ನು ಮುಂದೆ ಅತ್ತೆಯಂದಿರಿಗೂ ವಿಸ್ತರಿಸಲಾಗಿದೆ. ಅಂದು ಅಮ್ಮಣ್ಣಿಯವರು ನೇರ ವೈದ್ಯರ ಕೋಣೆಗೆ ನಡೆದು, "ಸುರಭಿ, ನೀನು ಸ್ವಲ್ಪ ಕೋಸಂಬರಿ ನೋಡಮ್ಮ" ಎಂದು ಸೊಸೆಯನ್ನು ಹೊರಗೆ ಕಳಿಸಿದರು. ಕುರ್ಚಿಯಲ್ಲಿ ಕುಳಿತು ಅರಿಷ್ಟದ ವಿಷಯವನ್ನು ಹೇಗೋ ಹೇಳಿದರು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಕುಡಿದಿದ್ದಾಳೆ ಎಂದು ಡಾ. ವಿಮಲಾ ಕೇಳಿದರು. ಅಮ್ಮಣ್ಣಿಯವರು ಬೆರಳು ಮಡಿಚಿ ಎಣಿಸತೊಡಗಿದರು.

ಉತ್ತರ ಬಾಗಿಲಿನಿಂದ ಬಂತು. ಸುರಭಿ ಕೋಸಂಬರಿ ನೋಡಲು ಹೋಗಿರಲೇ ಇಲ್ಲ.

"ಅತ್ತೆ, ನಾನದನ್ನ ಒಂದು ದಿನಾನೂ ಕುಡೀಲಿಲ್ಲ. ಬಾಲ್ಕನಿ ದಾಸವಾಳದ ಕುಂಡಕ್ಕೆ ಹಾಕ್ತಿದ್ದೆ."

ಅತ್ತೆಯನ್ನು ಕೇಳಿದ ಪ್ರಶ್ನೆಗೆ ಸೊಸೆ ಉತ್ತರಿಸಿದ್ದು ನಿಯಮ 1ರ ಆಶಯಕ್ಕೆ ವಿರುದ್ಧವಾಗಿದ್ದರೂ, ವಿಶೇಷ ಪ್ರಕರಣವೆಂದು ಮನ್ನಿಸಲಾಗಿದೆ.

12. ಅಮ್ಮಣ್ಣಿಯವರು ಕೈಮುಗಿದು ಮೇಲೆ ನೋಡಿದರು. ನಂತರ ದಾಸವಾಳ ಬಾಡಿದ್ದು ಎದುರು ಮನೆಯವಳ ಕಣ್ಣಿನಿಂದಲ್ಲ ಎಂಬುದು ಹೊಳೆಯಿತು. ಅದರ ನಂತರ ಇನ್ನೊಂದು ಹೊಳೆಯಿತು.

"ಯಾಕೆ ಕುಡೀಲಿಲ್ಲ?"

"ವೈನ್ ವಾಸನೆ ಬರ್ತಿತ್ತು ಅತ್ತೆ."

"ವೈನ್ ವಾಸನೆ ನಿನಗೆ ಹೇಗೆ ಗೊತ್ತು?"

ಇಷ್ಟು ದಿನ ಸುರಭಿ ಬಾಯಿ ಬಿಡದೆ ಕುಂಡಕ್ಕೆ ಸುರಿದದ್ದು ಇದೊಂದು ಪ್ರಶ್ನೆಗೆ ಹೆದರಿ. ಕಾಫಿ ಆರಿತು. ಸುರಭಿ ಪಾರ್ಟಿಯ ವಿಷಯವನ್ನೂ ಎರಡು ಗ್ಲಾಸನ್ನೂ ಇಷ್ಟು ದಿನದ ಭಯವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟರು. ಅಮ್ಮಣ್ಣಿಯವರು ನಡುವೆ ಒಂದು ಮಾತೂ ಆಡದೆ ಕೇಳಿದರು. ಕೊನೆಗೆ ಸೊಸೆಯ ಕೆನ್ನೆ ಒರೆಸಿ, "ಇಷ್ಟು ದಿನ ಒಬ್ಬಳೇ ಹೊತ್ಕೊಂಡಿದ್ಯಾ. ಮೊದ್ಲೇ ಹೇಳಬಾರದಿತ್ತಾ" ಎಂದರು. ಆಮೇಲೆ ತಾವೇ, "ಹೇಳೋಕೆ ನಾನೆಲ್ಲಿ ಬಿಟ್ಟೆ" ಎಂದರು.

13. ಸದರಿ ಮಾತನ್ನು ಎಲ್ಲ ಶಿಬಿರಗಳ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸತಕ್ಕದ್ದು.

14. ಕೋಸಂಬರಿ ಕೋಣೆಯ ಉಸ್ತುವಾರಿಯನ್ನು ಅಮ್ಮಣ್ಣಿಯವರಿಗೆ ಗೌರವ ಸೇವೆಯಾಗಿ ವಹಿಸಲಾಗಿದೆ. ಬೇರೆ ಮನೆಯ ಅತ್ತೆಯಂದಿರನ್ನು ಒಳಗಿನಿಂದ ಎಬ್ಬಿಸಿ ತರುವುದರಲ್ಲಿ ಅವರು ಇಲಾಖೆಯನ್ನು ಮೀರಿಸಿದ್ದಾರೆ. ಅವರು ಬಂದ ಮೇಲೆ ಕೋಸಂಬರಿಗೆ ಉಪ್ಪು ಕಡಿಮೆಯಾಗುತ್ತಿಲ್ಲ ಎಂಬುದೊಂದೇ ಸಮಸ್ಯೆ, ಪರಿಶೀಲನೆಯಲ್ಲಿದೆ.

ಈ ಸುತ್ತೋಲೆಯನ್ನು ಓದಿದವರು ಓದದವರಿಗೆ ಹೇಳತಕ್ಕದ್ದು. ಓದದವರು ನಡುವೆ ಬಾಯಿ ಹಾಕಬಾರದು.

(ಸಹಿ)
ಏಕಾಂತಯ್ಯ
ಉಪ ನಿರ್ದೇಶಕರು (ಪ್ರಭಾರ, ಖಾಯಂ ಆದವರು ಮೆಟ್ಟಿಲು ಹತ್ತುತ್ತಿದ್ದಾರೆ)

ಪ್ರತಿಗಳು:
1. ಶರಣಮ್ಮ, ಶುಶ್ರೂಷಕಿ: ಮೆಚ್ಚುಗೆಯೊಂದಿಗೆ, ತಲೆಯ ಮೇಲಿನ ಕೈ ಇಳಿಸಬಹುದು.
2. ಗುಂಡಣ್ಣನವರು: ದಾರಿ ಸಿಕ್ಕಿದೆ, ಧನ್ಯವಾದಗಳು.
3. ಎದುರು ಮನೆ ಆಂಟಿ: ದಾಸವಾಳಕ್ಕೆ ಕಣ್ಣು ಹಾಕಿದ ಆರೋಪದಿಂದ ಮುಕ್ತಗೊಳಿಸಲಾಗಿದೆ.
4. ಅಮ್ಮಣ್ಣಿಯವರು: ಎರಡು ಪ್ರತಿ, ಒಂದು ಓದಲು, ಒಂದು ಓದಿ ಹೇಳಲು.
5. ಹುಟ್ಟಲಿರುವ ಮಗು, ಸುರಭಿಯವರ ಮೂಲಕ: ಬಂದ ಮೇಲೆ ನಿನ್ನನ್ನು ಕೇಳಿದ ಪ್ರಶ್ನೆಗೆ ನೀನೇ ಉತ್ತರಿಸತಕ್ಕದ್ದು. ಅಲ್ಲಿಯವರೆಗೆ ಸುಮ್ಮನಿರುವುದಾಗಿ ಅಜ್ಜಿಯವರು ಮುಚ್ಚಳಿಕೆ ಬರೆದುಕೊಟ್ಟಿದ್ದಾರೆ.
6. ಕಚೇರಿ ಪ್ರತಿ.