ರಕ್ತ ಎಂಟರಿಂದ ಹತ್ತು ದಾಟಿದ್ದು

ಬೆರಳಿಗೆ ಸೂಜಿ ಚುಚ್ಚೋ ಕೆಲಸದಲ್ಲಿ ನಗೋದಕ್ಕೇನಿದೆ ಅಂತ ಕೇಳೋರು ಒಂದು ದಿನ ನನ್ನ ಜೊತೆ ಬಂದು ನೋಡಬೇಕು. ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಿನ ಹಳ್ಳಿಗಳಲ್ಲಿ ನಾನು ನರ್ಸಮ್ಮ. ಬಸುರಿಯರ ರಕ್ತ ನೋಡೋದು, ಮಾತ್ರೆ ಕೊಡೋದು, ಬೈಯೋದು. ಬೈಯೋದಕ್ಕೆ ಸಂಬಳವಿಲ್ಲ, ಅದು ನನ್ನ ಕಡೆಯಿಂದ ಪುಕ್ಕಟೆ. ಒಂದೇ ಮನೆಯ ಪ್ರಸಂಗ ಹೇಳ್ತೀನಿ, ಉಳಿದದ್ದು ನೀವೇ ಊಹಿಸ್ಕೊಳ್ಳಿ.

ನೀರು ಚಿಮುಕಿಸಿದ್ದು

ಆ ಮನೆ ಕಿರಿ ಸೊಸೆಗೆ ಆಗ ಆರು ತಿಂಗಳು. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು, ಕಣ್ಣೊಳಗೆಲ್ಲ ಬಿಳಿಚು. ಬೆರಳು ಚುಚ್ಚಿದೆ. ಅವಳು ಕಮಕ್ ಕಿಮಕ್ ಅನ್ನಲಿಲ್ಲ. ಪಕ್ಕದಲ್ಲಿ ನಿಂತು "ಎದ್ರಬ್ಯಾಡ ಕಣೆ, ನಾನಿವ್ನಿ" ಅಂತಿದ್ದ ಗಂಡ ಒಂದು ಹನಿ ರಕ್ತ ನೋಡಿ ಧೊಪ್ಪನೆ ಬಿದ್ದ. ಬಸುರಿಯೇ ಎದ್ದು ಅವನ ಮುಖಕ್ಕೆ ನೀರು ಚಿಮುಕಿಸಿದಳು.

ಕಣ್ಣು ಬಿಟ್ಟವನೇ, "ಎಷ್ಟದೆ ಅಕ್ಕ?" ಅಂದ.

"ಹಿಮೋಗ್ಲೋಬಿನ್ ಎಂಟು. ಸಾಲ್ದು."

ಅವನು ಗೂಡ್ಸ್ ಆಟೋ ಓಡಿಸೋನು, ಅವನಿಗೆ ತಿಳಿಯೋ ಹಾಗೇ ಹೇಳಿದೆ. "ನಾವು ಎಳ್ಕೊಳೋ ಗಾಳಿಲಿರೋ ಆಕ್ಸಿಜನ್ನ ರಕ್ತದಲ್ಲಿ ಹೊತ್ಕೊಂಡೋಗಿ ಮೈಗೂ ಹೊಟ್ಟೇಲಿರೋ ಮಗೀಗೂ ತಲುಪಿಸೋದು ಅದೇ ಕಣಪ್ಪ. ಲೋಡು ರೆಡಿ ಅದೆ, ಗಾಡಿ ಕಮ್ಮಿ. ಗಾಡಿ ಕಟ್ಟಾಕೆ ಕಬ್ಬಿಣ ಬೇಕು. ಅದಕ್ಕೇ ಈ ಮಾತ್ರೆ."

ಅವನು ತಲೆ ಕೆರ್ಕೊಂಡು ಯೋಚಿಸಿದ. "ಇರೋ ಗಾಡಿಗೇ ಓವರ್‌ಲೋಡ್ ಆಕಾಕಾಗಲ್ವಾ ಅಕ್ಕ? ನಾವೆಲ್ಲ ಅಂಗೇ ಮಾಡೋದು."

ಕಪ್ಪು ಮಗು

ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ರಕ್ತ ಹತ್ತು ದಾಟಿದರೆ ತಲಕಾಡಿನ ತವರಿಗೆ ಹೋಗಿ ಅಲ್ಲೇ ಹತ್ತಿರದ ಆಸ್ಪತ್ರೆಯಲ್ಲಿ ಹೆರಿಗೆ, ಇಲ್ಲದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆ. ಚೊಚ್ಚಲು, ಅವ್ವನ ಕೈ ಹಿಡ್ಕೊಂಡೇ ಹೆರಬೇಕು ಅಂತ ಆ ಹುಡುಗಿ ಆಸೆ. ಆಸೆಗೆ ಅಡ್ಡ ನಿಂತದ್ದು ಅತ್ತೆ.

"ಈ ಮಾತ್ರೆ ತಿಂದ್ರೆ ಉಟ್ಟೋ ಮಗ ಕರ್ರಗಾಯ್ತದಂತೆ ಕಣವ್ವ."

"ನಿನ್ ಮಗ ಹೊಟ್ಟೇಲಿದ್ದಾಗ ಎಷ್ಟು ಮಾತ್ರೆ ತಿಂದಿದ್ದೆ?"

"ಒಂದೂ ಇಲ್ಲ."

ನಾನು ಸುಮ್ಮನೆ ಅವಳ ಮಗನ ಕಡೆ ನೋಡಿದೆ. ಕರಿ ಎಳ್ಳುಂಡೆ ಬಣ್ಣ. ಅತ್ತೆಯೂ ನೋಡಿದಳು.

"ಅದು ಅವ್ರಪ್ಪನ ಕಡೇದು ಬುಡು" ಅಂದು ಮಾತ್ರೆ ಈಸ್ಕೊಂಡಳು.

ಸಮಪಾಲು

ಮುಂದಿನ ತಿಂಗಳು ಹೋದರೆ ಮಾತ್ರೆ ಎಲ್ಲ ಖಾಲಿ, ರಕ್ತ ಮಾತ್ರ ಅದೇ ಎಂಟು. ನನಗೆ ಉರಿದುಹೋಯ್ತು.

"ಮಾತ್ರೆ ಮೇಲೆ ಕಾಫಿ ಕುಡುದ್ಯಾ? ಕುಡುದ್ರೆ ಕಬ್ಬಿಣ ಮೈಗೆ ಹತ್ತಲ್ಲ."

"ಇಲ್ಲಕ್ಕ."

"ದಿನಾ ತಿಂದ್ಯಾ?"

"ಅತ್ತೆ ಕೊಟ್ಟಾಗೆಲ್ಲ ತಿಂದೆ."

ಅತ್ತೆ ಹೆಮ್ಮೆಯಿಂದ ಮುಂದೆ ಬಂದಳು. "ನಮ್ಮನೇಲಿ ಏನೇ ಬಂದ್ರೂ ಮೂರು ಸೊಸೇರ್ಗೂ ಸಮ. ಸೀರೆ ಆದ್ರೂ ಅಷ್ಟೆ, ಊವ ಆದ್ರೂ ಅಷ್ಟೆ. ಒಬ್ಳಿಗೆ ಕೊಟ್ಟು ಇಬ್ರಿಗೆ ತಪ್ಸುದ್ರೆ ಮನೆ ಒಡ್ದೋಯ್ತದೆ. ಅದ್ಕೇ ದಿನಕ್ಕೊಬ್ರಂಗೆ ಸರದಿ ಮೇಲೆ ಕೊಟ್ಟೆ."

"ಮೂರು ಜನಕ್ಕೂ ಹಂಚಿದ್ಯಾ ತಾಯಿ?"

"ನಾಕು. ನಾನೂ ಈ ಮನೇಲೇ ಇವ್ನಲ್ಲವ್ವ."

ಬೆರಳು ಮುಂದೆ ಮಾಡಿದ್ದು

"ಅದೇನು ಒಬ್ಬಟ್ಟಾ ಹಂಚಾಕೆ?" ಅಂತ ಬೈಯೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಕಿರಿ ಸೊಸೆ, "ಅಂಗಾರೆ ನಮ್ಮವ್ವನ ಮನೆಗೆ ಓಗಾಕಾಗಲ್ವಾ ಅಕ್ಕ?" ಅಂದಳು. ಕಣ್ಣು ತುಂಬಿತ್ತು. ನನಗೆ ಸಂಕಟವಾಯ್ತು, ಅತ್ತೆಯ ಮುಖವೂ ಸಪ್ಪಗಾಯ್ತು.

"ನೋಡವ್ವ, ಈ ಮಾತ್ರೆ ಸೊಸೇದಲ್ಲ, ಮಗೀನ ಪಾಲು. ಇನ್ನೂ ಹುಟ್ಟದೆ ಇರೋ ಮೊಮ್ಮಗೀನ ಪಾಲು ತಿಂತೀಯಾ?" ಅಂದೆ. ದೊಡ್ಡ ಸೊಸೆಯರಿಬ್ಬರೂ ಒಟ್ಟಿಗೇ, "ನಮಗೆ ಬ್ಯಾಡವೇ ಬ್ಯಾಡ, ಅದ್ನ ತಿಂದು ಒಟ್ಟೆ ಕಟ್ಕೊಂಡು ಸಾಕಾಗದೆ" ಅಂದರು.

ಅವತ್ತಿಂದ ಅತ್ತೆಯ ಕಾವಲು ಶುರುವಾಯ್ತು. ದಿನಾ ಎದುರಿಗೆ ನಿಂತು ನಿಂಬೆ ಪಾನಕದ ಜೊತೆ ಮಾತ್ರೆ ನುಂಗಿಸಿದಳು. ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳು ಸಾರು ತಟ್ಟೆಗೆ ತಾನೇ ಬಡಿಸಿದಳು. ಕಾಫಿ ಲೋಟ ಕಂಡರೆ ಕಿತ್ಕೊಂಡಳು.

ಎಂಟೂವರೆ ತಿಂಗಳಿಗೆ ಮತ್ತೆ ಚುಚ್ಚಿದೆ. ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರು. ಗಂಡ ಮಾತ್ರ ಗೋಡೆ ಕಡೆ ಮುಖ ಮಾಡ್ಕೊಂಡಿದ್ದ.

"ಹತ್ತೂವರೆ. ತವರಿಗೆ ಬಟ್ಟೆ ಜೋಡಿಸ್ಕೊಳಮ್ಮ."

ಹುಡುಗಿ ನನ್ನ ಕೈ ಹಿಡ್ಕೊಂಡು ಅಳೋಕೇ ಶುರುಮಾಡಿದಳು. ಅಷ್ಟರಲ್ಲಿ ಅತ್ತೆ ನನ್ನ ಮುಂದೆ ಬೆರಳು ಚಾಚಿದಳು.

"ನಂದೂ ನೋಡವ್ವ."

ನೋಡಿದೆ. "ಹದಿಮೂರು ಕಣವ್ವ" ಅಂದೆ.

ಅತ್ತೆ ಸೆರಗು ಸರಿಮಾಡ್ಕೊಂಡು ನೆಟ್ಟಗೆ ಕೂತಳು. "ಸರಿಯಾಗದೆ ಬುಡು. ಅತ್ತೆ ಅಂದ್ಮೇಲೆ ಸೊಸೆಗಿಂತ ಒಂದೆರಡು ಮೇಲೇ ಇರ್ಬೇಕು."