ಮೇಷ್ಟ್ರು ಆರಿಸಿದ ತೆಳ್ಳನೆ ರೇಡಿಯೇಟರು

ಮೂವತ್ತೊಂದು ವರ್ಷ ಕಣಿವೆಯೂರು ಶೂನಾದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನು ಒಂದು ರೇಡಿಯೇಟರು ಆರಿಸಲಾರನೇ? ರಾತಿಬ್ ಮೇಷ್ಟ್ರು ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಾ ಈ ಪ್ರಶ್ನೆ ಹಾಕಿದರು. ಕನ್ನಡಿ ಸುಮ್ಮನಿತ್ತು. ಹೆಂಡತಿ ಸಿಹಾಮ್ ಸುಮ್ಮನಿರಲಿಲ್ಲ.

"ಗೈಥ್‌ನ ಅಪ್ಪಾ, ಶುಕ್ರವಾರ ಮಗನಿಗೆ ಹುಡುಗಿ ಕೇಳೋಕೆ ಹೋಗ್ಬೇಕು. ಹಗೋಪ್ ಯಾವುದು ಹಾಕ್ತೀನಿ ಅಂತಾನೋ ಅದನ್ನೇ ಹಾಕಿಸ್ಕೊಂಡು ಬನ್ನಿ. ಅಲ್ಲಿ ಪಾಠ ಶುರು ಮಾಡ್ಬೇಡಿ."

"ಉಷ್ಣದ ಅಧ್ಯಾಯನ ಅರವತ್ತೆರಡು ಸಲ ಮಾಡಿದೀನಿ ಕಣೇ!"

"ಕೇಳಿಸ್ಕೊಂಡೋರಲ್ಲಿ ಎಷ್ಟು ಜನ ಪಾಸಾದ್ರು?"

ಇಂಥ ಕೀಳು ಪ್ರಶ್ನೆಗೆ ವಿಜ್ಞಾನ ಉತ್ತರ ಕೊಡುವುದಿಲ್ಲ. ಮೇಷ್ಟ್ರು ರೇಡಿಯೇಟರು ಸೋರುವ ತಮ್ಮ ಟರ್ಬೋ ಕಾರನ್ನು ಹಗೋಪ್‌ನ ಗ್ಯಾರೇಜಿಗೆ ಒಯ್ದರು.

ಅಲ್ಲಿ ಎರಡು ರೇಡಿಯೇಟರುಗಳಿದ್ದವು. ಒಂದು ಟರ್ಬೋ ಕಾರಿಗೆಂದೇ ಮಾಡಿದ್ದು: ದಪ್ಪ, ಧೂಳು ಬಡಿದದ್ದು, ಮಗ್ಗುಲಲ್ಲಿ ಒಂದು ತಗ್ಗು ಬೇರೆ. ಇನ್ನೊಂದು ಅದೇ ಕಾರಿನ ಟರ್ಬೋ ಇಲ್ಲದ ತಮ್ಮನದು: ತೆಳ್ಳಗೆ, ಮದುಮಗನ ಹಾಗೆ ಮಿರಮಿರ! ಬೋಲ್ಟಿನ ತೂತುಗಳು ಎರಡಕ್ಕೂ ಒಂದೇ.

"ದಪ್ಪಂದೇ ಹಾಕ್ಸಿ ಮೇಷ್ಟ್ರೇ, ತೆಳ್ಳಂದು ಏರಿನಲ್ಲಿ ಕೈಕೊಡುತ್ತೆ," ಎಂದ ಹಗೋಪ್.

"ಟರ್ಬೋ ಏನು ಮಾಡುತ್ತೆ ಹೇಳು ನೋಡೋಣ."

"ಎಂಜಿನ್ನಿಗೆ ಗಾಳಿ ತುರುಕುತ್ತೆ."

"ಗಾಳಿ ಜಾಸ್ತಿಯಾದ್ರೆ ತಂಪೋ, ಸೆಕೆಯೋ?"

"ಅದು ಫ್ಯಾನ್ ಗಾಳಿಯಲ್ಲ ಮೇಷ್ಟ್ರೇ! ಅದುಮಿ ಅದುಮಿ ಕಾದಿರೋ ಗಾಳಿ..."

"ಆಗಸ್ಟ್ ತಿಂಗಳ ಈ ಸುಡು ಸೆಕೇಲಿ ನೀನು ಕಂಬಳಿ ಹೊದೀತೀಯೋ, ಬನಿಯನ್ ಹಾಕ್ತೀಯೋ?"

ಹಗೋಪ್ ತನ್ನ ಮೈಮೇಲಿದ್ದ ಬನಿಯನ್ನನ್ನು ನೋಡಿಕೊಂಡ. ವಾದ ಮುಗಿಯಿತು. ತೆಳ್ಳಗಿನದೇ ಕೂತಿತು. ಶೂನಾದ ಸಮತಟ್ಟಾದ ರಸ್ತೆಗಳಲ್ಲಿ ಎರಡು ದಿನ ಓಡಿಸಿದರು. ಉಷ್ಣದ ಮುಳ್ಳು ನಡುಮಧ್ಯದಲ್ಲಿ ಸಭ್ಯ ವಿದ್ಯಾರ್ಥಿಯಂತೆ ನಿಂತಿತ್ತು. "ನೋಡಿದ್ಯಾ?" ಎಂದು ಸಿಹಾಮ್‌ಗೂ ತೋರಿಸಿದರು.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಹಿರಿಯರ ದಂಡು ಹೊರಟಿತು. ಹುಡುಗಿಯ ಊರು ಬೆಟ್ಟದ ಮೇಲಿನ ಸಲ್ತ್. ಅವಳ ತಾತ ಹಾಜಿ ಫವ್ವಾಜ್ ಆಗಲೇ ಎರಡು ಸಂಬಂಧಗಳನ್ನು ವಾಪಸು ಕಳಿಸಿದ್ದ ಘಾಟಿ ಮುದುಕ. ಅದಕ್ಕೇ ದಂಡಿನ ಮುಖ್ಯಸ್ಥರಾಗಿ ಮೇಷ್ಟ್ರ ದೊಡ್ಡಪ್ಪ, ಎಂಬತ್ತರ ಹಾಜಿ ಧಿಯಾಬ್ ಬಂದಿದ್ದರು. ಮೂವತ್ತೆಂಟು ಸಲ ಬೇರೆಬೇರೆಯವರಿಗಾಗಿ ಹೆಣ್ಣು ಕೇಳಲು ಹೋಗಿದ್ದವರು. ಒಮ್ಮೆಯೂ ಬರಿಗೈಲಿ ಬಂದವರಲ್ಲ. ಮಗ ಗೈಥ್ ಉಳಿದವರ ಕಾರುಗಳೊಂದಿಗೆ ಮುಂದೆ ಹೋದ. ದೊಡ್ಡಪ್ಪ ಜರಿಯಂಚಿನ ಉಣ್ಣೆ ನಿಲುವಂಗಿ ತೊಟ್ಟು ಮೇಷ್ಟ್ರ ಪಕ್ಕದಲ್ಲಿ ಕೂತರು.

"ಅಜ್ಲೂನ್‌ನಲ್ಲಿ ಒಂದ್ಸಲ ಮೂರು ಗಂಟೆ ಕಾಫಿ ಮುಂದಿಟ್ಕೊಂಡು ಕೂತಿದ್ದೆ ರಾತಿಬಾ," ಎಂದರು. "ತಣ್ಣಗಾಯ್ತು, ನೊಣ ಬಿತ್ತು. 'ಹುಡುಗಿ ಕೊಟ್ವಿ, ಇನ್ನು ಕುಡೀರಿ' ಅನ್ನೋವರೆಗೂ ತುಟಿಗೆ ತಾಗಿಸ್ಲಿಲ್ಲ. ಕುಡಿದ್ರೆ ಕೆಲಸ ಕೆಟ್ಟ ಹಾಗೆ!"

ಕಣಿವೆ ಬಿಟ್ಟು ಏರುವ ರಸ್ತೆಯ ಮೂರನೇ ತಿರುವಿನಲ್ಲಿ ಸಭ್ಯ ಮುಳ್ಳು ಮೇಲೆದ್ದಿತು. ಐದನೆಯದರಲ್ಲಿ ಕೆಂಪು ಗೆರೆ ಮುಟ್ಟಿತು. ಮೇಷ್ಟ್ರು ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದರು.

"ಇದೇನೋ ಬಿಸಿಗಾಳಿ?"

"ಎಂಜಿನ್ನಿನ ಶಾಖ ದೊಡ್ಡಪ್ಪ. ಅದನ್ನ ಹೊರಗೆ ತೆಗೀತಿದೀನಿ."

"ಹೊರಗಾ? ನನ್ನ ಮೊಣಕಾಲಿನ ಮೇಲೆ ತೆಗೀತಿದೀಯಲ್ಲೋ!"

ಎರಡು ಸಲ ನಿಲ್ಲಿಸಿದರು. ಬಿಸಿ ಆರುವವರೆಗೆ ಕಾದು, ಕುಡಿಯಲು ತಂದಿದ್ದ ನೀರನ್ನೆಲ್ಲ ರೇಡಿಯೇಟರಿಗೆ ಕುಡಿಸಿದರು. ಕೊನೆಯ ಬಾಟಲಿ ದೊಡ್ಡಪ್ಪನ ಕೈಯಲ್ಲೇ ಇತ್ತು. ಅವರು ಅದನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿ, ಕೊಟ್ಟುಬಿಟ್ಟರು. ದಾರಿಯಲ್ಲಿ ಅಂಗಡಿಗಳಿದ್ದವು; ಆದರೆ ಆಗಲೇ ತಡವಾಗಿತ್ತು, ಇನ್ನೊಮ್ಮೆ ನಿಂತರೆ ಮತ್ತೆ ಹತ್ತುವ ಧೈರ್ಯ ಆ ಕಾರಿಗಿರಲಿಲ್ಲ.

ಸಲ್ತ್‌ನ ದಿವಾನಖಾನೆಯಲ್ಲಿ ಅರವತ್ತು ಗಂಡಸರು ಎದ್ದು ನಿಂತರು. ಒಳಗೆ ಬಂದದ್ದು ಹಾಜಿ ಧಿಯಾಬ್ ಅಲ್ಲ, ಅವರನ್ನು ಹಬೆಯಲ್ಲಿ ಬೇಯಿಸಿ ತೆಗೆದ ರೂಪ! ತುಟಿ ಒಣಗಿ ಬಿರಿದಿತ್ತು. ಕೂತರು. ಪುಟ್ಟ ಕಪ್ಪಿನಲ್ಲಿ ಏಲಕ್ಕಿ ಘಮದ ಕಾಫಿ ಮುಂದೆ ಬಂತು.

ಹಾಜಿ ಧಿಯಾಬ್ ಅದನ್ನೆತ್ತಿ ಗುಟುಕ್ಕನೆ ಕುಡಿದರು.

ಖಾಲಿ ಕಪ್ಪನ್ನು ಮತ್ತೆ ಮುಂದಕ್ಕೆ ಚಾಚಿದರು. ಬಡಿಸುವವನು ಅಭ್ಯಾಸಬಲದಿಂದ ಸುರಿದ. ಅದೂ ಹೋಯಿತು. ಮೂರನೆಯದೂ ಹೋಯಿತು. ಆಮೇಲೆ ಮುದುಕರ ಕಣ್ಣಿಗೆ ಸಭೆ ಕಾಣಿಸಿತು. ಕಪ್ಪು ಹಿಡಿದ ಕೈ ಅಲ್ಲೇ ನಿಂತಿತು.

"ಕೇಳೋ ಮುಂಚೆ ಕುಡಿದ್ರೆ, ಕೇಳೋದೇನೂ ಇಲ್ಲ ಅಂತ," ಎಂದ ಫವ್ವಾಜ್ ನಿಧಾನವಾಗಿ. "ಬಂದಿದ್ದು ಸಂತೋಷ ಹಾಜಿ. ಊಟ ಮಾಡ್ಕೊಂಡು ಹೋಗಿ."

ಹೊಸ್ತಿಲವರೆಗೆ ಬಂದು ಫವ್ವಾಜ್ ಕೊಂಚ ಕರಗಿದ. "ಆಲಿವ್ ಕೊಯ್ಲು ಮುಗೀಲಿ. ಆಮೇಲೆ ಬನ್ನಿ."

ಮನೆಯಲ್ಲಿ ಸಿಹಾಮ್ ಎರಡು ತಟ್ಟೆ ಕನಾಫೆ ಸಿಹಿ ಮಾಡಿ ಕಾಯುತ್ತಿದ್ದಳು.

"ಹುಡುಗಿ ಕೊಟ್ರಾ?"

"ಕಾಫಿ ಕೊಟ್ರು."

ಗೈಥ್ ಅಪ್ಪನ ಕಡೆ ನೋಡದೆ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಮಗ ಬೈದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು. ಇಳಿದು ಬರುವಾಗ ದೊಡ್ಡಪ್ಪ ಒಂದು ಮಾತು ಬೈದಿದ್ದರೂ ತಡೆದುಕೊಳ್ಳುತ್ತಿದ್ದರು. ಅವರು ಕಿಟಕಿಯಾಚೆ ನೋಡುತ್ತಾ ಕೂತಿದ್ದರು, ಅಷ್ಟೆ. ಮೂವತ್ತೆಂಟು ಸಲದ ಹೆಸರು ಒಂದು ತೆಳ್ಳನೆ ತಗಡಿಗೆ ಬಲಿಯಾಗಿತ್ತು.

ಮರುದಿನವೇ ದಪ್ಪ ರೇಡಿಯೇಟರು ಹಾಕಿಸಿದರು. ಹಗೋಪ್ ಬನಿಯನ್ ಮೇಲೊಂದು ಅಂಗಿ ತೊಟ್ಟುಕೊಂಡ. ಆದರೆ ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ದೊಡ್ಡಪ್ಪ ಸಿಕ್ಕವರಿಗೆಲ್ಲ, "ವಯಸ್ಸಾಯ್ತಪ್ಪಾ, ಬಾಯಿ ಚಪಲ, ಮರೆತು ಕುಡಿದ್ಬಿಟ್ಟೆ. ಇನ್ನು ನಾನು ಯಾರಿಗೂ ಹೆಣ್ಣು ಕೇಳೋಕೆ ಹೋಗಲ್ಲ," ಎನ್ನುತ್ತಿದ್ದರಂತೆ. ಕಾರಿನ ಹೆಸರೇ ಎತ್ತಿರಲಿಲ್ಲ.

ಮೇಷ್ಟ್ರಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಮೂರನೇ ದಿನ ನೇರ ಕ್ಷೌರದಂಗಡಿಗೆ ನುಗ್ಗಿದರು. ಊರಿನ ಅರ್ಧ ಗಂಡಸರು ಅಲ್ಲಿದ್ದರು.

"ಕೇಳ್ರಪ್ಪಾ! ದೊಡ್ಡಪ್ಪಂದು ಏನೂ ತಪ್ಪಿಲ್ಲ. ನಾನು ಟರ್ಬೋ ಇಲ್ಲದ ಕಾರಿನ ರೇಡಿಯೇಟರು ಹಾಕಿಸಿದ್ದೆ. ಹಗೋಪ್ ಬೇಡ ಅಂದ, ಕೇಳ್ಲಿಲ್ಲ. ದಾರಿಯುದ್ದಕ್ಕೂ ಅವರಿಗೆ ಹೀಟರ್ ಊದಿದೆ. ಅವರ ಕುಡಿಯೋ ನೀರನ್ನೂ ಕಿತ್ಕೊಂಡೆ!"

ಕ್ಷೌರಿಕ ಕತ್ತಿ ಕೆಳಗಿಟ್ಟು ನಿಟ್ಟುಸಿರುಬಿಟ್ಟ. "ಊರಿಗೆಲ್ಲ ಗೊತ್ತು ಮೇಷ್ಟ್ರೇ. ನಿಮ್ಮ ಮಾನ ಉಳಿಸೋಕೆ ಹಾಜಿ ಸುಳ್ಳು ಹೇಳ್ತಿದ್ರು, ನಾವು ನಂಬಿದ ಹಾಗೆ ನಟಿಸ್ತಿದ್ವಿ. ಮೂರು ದಿನದ ಶ್ರಮ ಹಾಳು ಮಾಡಿದ್ರಲ್ಲ!"

ಆಗ ಕುರ್ಚಿಯಲ್ಲಿ ಕೂತಿದ್ದವರು ಇತ್ತ ತಿರುಗಿದರು. ನೊರೆ ಮೆತ್ತಿದ ಮುಖದೊಳಗೆ ದೊಡ್ಡಪ್ಪನ ಕಣ್ಣು! ಮೇಷ್ಟ್ರು ಬಗ್ಗಿ ಅವರ ಕೈ ಹಿಡಿದುಕೊಂಡರು.

"ತಪ್ಪಾಯ್ತು ದೊಡ್ಡಪ್ಪ. ದಪ್ಪಂದೇ ಹಾಕಿಸಿದೀನಿ. ಕೊಯ್ಲು ಮುಗಿದ ಮೇಲೆ ನೀವೇ ಬರ್ಬೇಕು. ಗೈಥ್‌ಗೋಸ್ಕರ."

ಮುದುಕರು ತುಟಿಯ ಮೇಲಿನ ನೊರೆ ಒರೆಸಿಕೊಂಡರು.

"ಬರ್ತೀನಿ. ನೀನು ಕಾರಲ್ಲಿ ಮುಂದೆ ಹೋಗು. ನಾನು ಬಸ್ಸಲ್ಲಿ ಬರ್ತೀನಿ. ದಾರೀಲಿ ಎಲ್ಲಿ ನಿಂತಿರ್ತೀಯೋ, ಅಲ್ಲಿ ನಿನ್ನನ್ನ ಹತ್ತಿಸ್ಕೋತೀನಿ."